ನಲವತ್ತು ದಾಟಿದ ಆರು ಗೆಳತಿಯರು ಮತ್ತೆ ಬಿಡದಿಗೆ: ಬ್ಯಾಗ್ ಕಾಯಲು ಯಾರನ್ನೂ ಕೂರಿಸಬೇಡಿ

ಪ್ರಶ್ನೆ: ನಾನು ಗಂಗಾವತಿಯವಳು. 2007ರಲ್ಲಿ ಬಳ್ಳಾರಿಯಲ್ಲಿ ಡಿಗ್ರಿ ಕೊನೆ ವರ್ಷ ಓದುವಾಗ ಕಾಲೇಜಿನಿಂದ ಬೆಂಗಳೂರು ಹತ್ತಿರದ ಬಿಡದಿಯ ವಂಡರ್‌ಲಾ ಥೀಮ್ ಪಾರ್ಕಿಗೆ ಹೋಗಿದ್ದೆವು. ಆಮೇಲೆ ಮದುವೆ, ಮಕ್ಕಳು, ನೌಕರಿ ಅಂತ ಅಂಥ ಜಾಗಕ್ಕೆ ಕಾಲಿಟ್ಟಿಲ್ಲ. ಈಗ ಅದೇ ಆರು ಜನ ಗೆಳತಿಯರು ಮತ್ತೊಮ್ಮೆ ಹೋಗೋಣ ಅಂತ ಮಾತಾಡಿಕೊಂಡಿದ್ದೇವೆ. ಇಬ್ಬರು ಬಳ್ಳಾರಿ, ಒಬ್ಬಳು ಕೊಪ್ಪಳ, ಒಬ್ಬಳು ಸಿಂಧನೂರು, ಒಬ್ಬಳು ರಾಯಚೂರು. ಎಲ್ಲರಿಗೂ ನಲವತ್ತು ದಾಟಿದೆ. ಒಬ್ಬಳಿಗೆ ಬಿಪಿ, ಒಬ್ಬಳಿಗೆ ಸೊಂಟದ ಡಿಸ್ಕ್ ತೊಂದರೆ. ಇನ್ನೊಬ್ಬಳು “ನಾ ಯಾವುದೂ ಏರಂಗಿಲ್ಲ, ನಿಮ್ಮ ಬ್ಯಾಗ್ ಹಿಡ್ಕೊಂಡು ಕುಂದರ್ತೀನಿ” ಅಂತಾಳೆ. ರಾಯಚೂರಿನವಳು ಹೈದರಾಬಾದೇ ಹತ್ತಿರ ಅಂತಾಳೆ. ಒಬ್ಬಳು ಮಗಳನ್ನು ಕರೆತರಲೇ ಎಂದು ಕೇಳುತ್ತಿದ್ದಾಳೆ. ದುಡ್ಡಿನ ವಿಷಯದಲ್ಲಿ ಎಲ್ಲರೂ ಒಂದೇ ಸಮ ಇಲ್ಲ. ಎಲ್ಲಿಗೆ, ಯಾವಾಗ, ಹೇಗೆ ಹೋದರೆ ಚೆನ್ನ?

ಉತ್ತರ: ಬಿಡದಿಗೇ ಹೋಗಿ. ಜುಲೈ ನಡುವಿನ ಒಂದು ಬುಧವಾರ ಹೋಗಿ. ಪಾರ್ಕಿನ ಹಿಂದಿನ ರಾತ್ರಿ ಅಲ್ಲೇ ಹತ್ತಿರ ರೂಮ್ ಮಾಡಿ ಕಣ್ತುಂಬ ನಿದ್ದೆ ಮಾಡಿ. ಈ ಮೂರನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಬಳ್ಳಾರಿಯಿಂದ ಹೆಣ್ಣುಮಕ್ಕಳ ಗುಂಪುಗಳನ್ನು ಪ್ರವಾಸಕ್ಕೆ ಕರೆದೊಯ್ಯುವ ಕೆಲಸ ಮಾಡುವವಳು. ಥೀಮ್ ಪಾರ್ಕಿಗೆ ಹೋದ ಗುಂಪು ಸಂಜೆ ನಗುತ್ತಾ ಹೊರಬರುತ್ತದೋ ಮುಖ ಗಂಟು ಹಾಕಿಕೊಂಡು ಬರುತ್ತದೋ ಅನ್ನುವುದು ಬಹಳ ಮಟ್ಟಿಗೆ ಹಿಂದಿನ ರಾತ್ರಿಯ ನಿದ್ದೆಯ ಮೇಲೆ ನಿಂತಿರುತ್ತದೆ.

ಊರಿನ ಪ್ರಶ್ನೆ ಮೊದಲು ಮುಗಿಸೋಣ. ರಾಯಚೂರಿನ ನಿಮ್ಮ ಗೆಳತಿ ಹೇಳುವುದು ಸುಳ್ಳಲ್ಲ. 2016ರಲ್ಲಿ ತೆರೆದ ಹೈದರಾಬಾದ್ ವಂಡರ್‌ಲಾ ಅವರಿಗೆ ನಿಜಕ್ಕೂ ಹತ್ತಿರ. ಮಹಬೂಬ್‌ನಗರ, ಜಡಚರ್ಲಾ ದಾಟಿ ಶಂಷಾಬಾದಿನಲ್ಲಿ ಔಟರ್ ರಿಂಗ್ ರೋಡ್ ಹಿಡಿದು 13ನೇ ಎಕ್ಸಿಟ್ ರಾವಿರ್ಯಾಲದಲ್ಲಿ ಇಳಿದರೆ ಆಯಿತು, ಹೈದರಾಬಾದ್ ಊರೊಳಗೆ ಹೋಗುವ ಪ್ರಮೇಯವೇ ಇಲ್ಲ. ರಾಯಚೂರಿನವರಷ್ಟೇ ಹೊರಟಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ನಿಮ್ಮ ಆರರಲ್ಲಿ ಮೂವರು ಕೊಪ್ಪಳ–ಬಳ್ಳಾರಿಯವರು. ಅವರಿಗೆ ಬೆಂಗಳೂರಿನ ದಾರಿ ಸಲೀಸು. ಶಕ್ತಿ ಯೋಜನೆಯೂ ಇದೆ. 2023ರ ಜೂನ್‌ನಿಂದ ರಾಜ್ಯದೊಳಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಹೈದರಾಬಾದಿಗೆ ಹೋದರೆ ಆ ಲಾಭ ಸಿಗುವುದಿಲ್ಲ.

ರೈಲಿನಲ್ಲಿ ಬರುವುದಾದರೆ ಕೊಪ್ಪಳ, ಬಳ್ಳಾರಿಯವರಿಗೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಇದ್ದೇ ಇದೆ. ಸಿಂಧನೂರಿನವರು ನಿಮ್ಮೂರಿಗೆ ಬಂದು ನಿಮ್ಮ ಜೊತೆಗೇ ಹೊರಡಲಿ. ರಾಯಚೂರಿನವರು ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ನೀವು ಹೋದ ಕಾಲಕ್ಕೆ ಬೆಂಗಳೂರಿನಲ್ಲಿ ಮೆಟ್ರೊ ಇರಲಿಲ್ಲ. ಈಗ ರೈಲು ಇಳಿದು ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಕೆಂಗೇರಿ ದಾಟಿ ಚಲ್ಲಘಟ್ಟದವರೆಗೆ ಹೋಗಬಹುದು. ಅಲ್ಲಿಂದ ಬಿಡದಿ ದೂರವಿಲ್ಲ, ಬಸ್ಸೋ ಕ್ಯಾಬೋ ಹಿಡಿದರಾಯಿತು. ಕಾರಿನಲ್ಲಿ ಬರುವ ಬಳ್ಳಾರಿಯವರು ಚಳ್ಳಕೆರೆ, ಹಿರಿಯೂರು, ತುಮಕೂರು ದಾಟಿ ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆಗೆ ಬಂದರೆ ಬೆಂಗಳೂರಿನ ಟ್ರಾಫಿಕ್ಕೇ ತಾಕುವುದಿಲ್ಲ. ಕೆಂಗೇರಿ ಆದ ಮೇಲೆ ಸರ್ವೀಸ್ ರಸ್ತೆಯಲ್ಲೇ ಇರಿ. ಹೊಸ ಎಕ್ಸ್‌ಪ್ರೆಸ್‌ವೇ ನಡುವಿನ ದಾರಿಗೆ ಏರಿಬಿಟ್ಟರೆ ಪಾರ್ಕು ಪಕ್ಕದಲ್ಲೇ ಕಾಣಿಸಿದರೂ ಇಳಿಯಲು ಜಾಗ ಸಿಗದೆ ಸುತ್ತಬೇಕಾದೀತು.

ಯಾವಾಗ ಹೋಗಬೇಕು ಅನ್ನುವುದಕ್ಕೆ ಬರೋಣ. ಏಪ್ರಿಲ್–ಮೇ ಬೇಸಿಗೆ ರಜೆ, ಅಕ್ಟೋಬರ್ ದಸರಾ ರಜೆ, ಆ ದಿನಗಳಲ್ಲಿ ಪಾರ್ಕಿನ ಕಡೆ ತಲೆ ಹಾಕಬೇಡಿ. ಇವೆರಡು ಎಲ್ಲರಿಗೂ ಗೊತ್ತು. ಬಹಳ ಜನ ಮರೆಯುವುದು ನವೆಂಬರಿನಿಂದ ಜನವರಿವರೆಗಿನ ವಾರದ ದಿನಗಳನ್ನು. ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ಬರುವುದು ಆಗಲೇ. ಮಂಗಳವಾರ ಖಾಲಿ ಇರುತ್ತದೆ ಅಂದುಕೊಂಡು ಡಿಸೆಂಬರಿನಲ್ಲಿ ಹೋದವರು ಒಂದೊಂದು ರೈಡಿಗೂ ಸಾವಿರ ಮಕ್ಕಳ ಹಿಂದೆ ನಿಲ್ಲುತ್ತಾರೆ. ಫೆಬ್ರವರಿ ಕೊನೆ ಒಳ್ಳೆಯ ಸಮಯ, ಆದರೆ ಅದು ನಿಮ್ಮ ಮಕ್ಕಳ ಪರೀಕ್ಷೆಯ ಕಾಲ, ತಾಯಂದಿರು ಮನೆ ಬಿಡುವ ಹೊತ್ತಲ್ಲ. ಜುಲೈ ನಡುವೆ ಆದರೆ ಶಾಲೆಗಳು ಪಾಠಕ್ಕೆ ಕೂತಿರುತ್ತವೆ. ಸಾಮಾನ್ಯವಾಗಿ ಆಷಾಢ ಬಂದಿರುವುದರಿಂದ ಮದುವೆ-ಮುಂಜಿಯ ಕರೆಯೋಲೆಗಳ ಕಾಟ ಇರುವುದಿಲ್ಲ. ಪಂಚಮಿ ಹಬ್ಬ ಇನ್ನೂ ಮುಂದಿರುತ್ತದೆ. ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಜೋರಾದರೆ ಸಿಂಧನೂರು–ಗಂಗಾವತಿ ಕಡೆ ಗದ್ದೆ ಇರುವ ಮನೆಯವರಿಗೆ ಬಿಡುವು ಸಿಗದು, ಅದಕ್ಕೆ ಮುಂಚೆಯೇ ಹೋಗಿಬನ್ನಿ.

ಮಳೆಗೆ ಹೆದರಬೇಡಿ. ಜುಲೈನಲ್ಲಿ ಬೆಂಗಳೂರಿನ ಸುತ್ತ ಬರುವುದು ಹೆಚ್ಚಾಗಿ ಜಿಟಿಜಿಟಿ ಮಳೆ. ಎತ್ತರದ ರೈಡುಗಳನ್ನು ನಿಲ್ಲಿಸುವುದು ಗುಡುಗು-ಮಿಂಚಿಗೆ, ಅದು ಮೇ ತಿಂಗಳಲ್ಲಿ ಮತ್ತು ಸೆಪ್ಟೆಂಬರ್–ಅಕ್ಟೋಬರಿನ ಸಂಜೆಗಳಲ್ಲಿ ಜಾಸ್ತಿ. ಒಂದೇ ಎಚ್ಚರ ಅಂದರೆ ಚಳಿ. ರಾಯಚೂರಿನ ಬಿಸಿಲಿಗೆ ಒಗ್ಗಿದ ಮೈ ಅಲ್ಲಿಯ 28 ಡಿಗ್ರಿಗೆ, ಒದ್ದೆ ಬಟ್ಟೆಗೆ, ಬೀಸುವ ಗಾಳಿಗೆ ಗಡಗಡ ನಡುಗುತ್ತದೆ. ತಲಾ ಎರಡು ಟವೆಲ್, ಒಂದು ಸ್ವೆಟರ್ ಇರಲಿ.

ಈಗ ನಿದ್ದೆಯ ಮಾತು. 2007ರಲ್ಲಿ ನೀವು ರಾತ್ರಿಯೆಲ್ಲ ಬಸ್ಸಿನಲ್ಲಿ ಅಂತ್ಯಾಕ್ಷರಿ ಹಾಡಿ, ಬೆಳಿಗ್ಗೆ ಮುಖ ತೊಳೆದು ನೇರ ರೈಡ್ ಏರಿರುತ್ತೀರಿ. ಇಪ್ಪತ್ತರ ಮೈ ಅದನ್ನು ತಡೆಯಿತು. ನಿದ್ದೆಗೆಟ್ಟ ನಲವತ್ತರ ಮೈಯಲ್ಲಿ ಬಿಪಿ ಏರಿರುತ್ತದೆ, ತಲೆ ಭಾರ ಇರುತ್ತದೆ, ಮೊದಲ ರೈಡಿಗೇ ವಾಕರಿಕೆ ಬರುತ್ತದೆ. ಆದ್ದರಿಂದ ಸೋಮವಾರ ರಾತ್ರಿ ರೈಲು ಹತ್ತಿ ಮಂಗಳವಾರ ಬೆಳಿಗ್ಗೆ ಇಳಿದರೂ ಅಂದು ಪಾರ್ಕಿಗೆ ಹೋಗಬೇಡಿ. ಬಿಡದಿ ಅಥವಾ ಕೆಂಗೇರಿಯಲ್ಲಿ ರೂಮಿಗೆ ಹೋಗಿ ಮಧ್ಯಾಹ್ನ ಮಲಗಿ, ಸಂಜೆ ಹರಟೆ ಹೊಡೆಯಿರಿ. ಬಸ್ಸಾದರೆ ಮಂಗಳವಾರ ಹಗಲಿನ ಬಸ್ಸಿಗೇ ಬನ್ನಿ. ಪಾರ್ಕಿನ ಪಕ್ಕದಲ್ಲೇ ಅವರದೇ ರೆಸಾರ್ಟ್ ಇದೆ, ಅನುಕೂಲ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೂರು ಮಂಚದ ಎರಡು ಸಾಧಾರಣ ರೂಮ್ ಸಾಕು. ಬುಧವಾರ ರಾತ್ರಿಯೂ ಅಲ್ಲೇ ಉಳಿದು ಗುರುವಾರ ಹೊರಡಿ.

ಇನ್ನು ಆರೋಗ್ಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಬಿಪಿ ಇರುವ ಗೆಳತಿ ತಮ್ಮ ವೈದ್ಯರ ಹತ್ತಿರ ಹೋಗಿ “ರೋಲರ್ ಕೋಸ್ಟರ್ ಏರಬಹುದಾ” ಎಂದೇ ಕೇಳಬೇಕು. “ಪ್ರವಾಸ ಹೋಗಬಹುದಾ” ಎಂದು ಕೇಳಿದರೆ ಹೋಗಿ ಬನ್ನಿ ಅಂದುಬಿಡುತ್ತಾರೆ. ಅಂದಿನ ಮಾತ್ರೆ ಬಿಡಬಾರದು. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಬಾತ್‌ರೂಮಿಗೆ ಅಲೆಯಬೇಕಲ್ಲ ಅಂತ ನೀರು ಕುಡಿಯುವುದನ್ನು ಬಿಡುತ್ತಾರೆ. ಬಿಸಿಲಲ್ಲಿ ಅದೇ ತಲೆ ತಿರುಗಿ ಬೀಳಲು ಕಾರಣವಾಗುತ್ತದೆ. ಡಿಸ್ಕ್ ತೊಂದರೆ ಇರುವವರು ರೋಲರ್ ಕೋಸ್ಟರ್, ಮೇಲಿಂದ ಧೊಪ್ಪೆಂದು ಇಳಿಸುವ ಡ್ರಾಪ್ ರೈಡ್, ಡಿಕ್ಕಿ ಹೊಡೆಯುವ ಕಾರು, ಎತ್ತರದ ನೀರಿನ ಜಾರುಬಂಡೆ ಇವುಗಳ ಹತ್ತಿರ ಹೋಗಬಾರದು. ಮಾತ್ರೆ ನುಂಗಿ ನೋವು ಇಲ್ಲ ಅನ್ನಿಸಿದ ದಿನವೂ ಹೋಗಬಾರದು. ಗೆಳತಿಯರು ಕೈ ಹಿಡಿದು “ಒಂದೇ ಒಂದ್ಸಲ ಬಾ” ಅಂತ ಎಳೆಯಬಾರದು. ಅವರಿಗೆ ಎತ್ತರದ ಗೋಪುರದ ಮೇಲೆ ಕೂರಿಸಿದ ಸ್ಕೈ ವೀಲ್ ಇದೆ, ಟ್ಯೂಬಿನಲ್ಲಿ ಕೂತು ತೇಲುವ ಲೇಜಿ ರಿವರ್ ಇದೆ, ಅಲೆಗಳ ಕೊಳದ ಆಳವಿಲ್ಲದ ಅಂಚು ಇದೆ. ಶುಗರ್ ಇರುವವರು ಯಾರಾದರೂ ಇದ್ದರೆ ಕೊಳದ ಸುತ್ತ ಬಿಸಿಲಿಗೆ ಕಾದ ನೆಲದ ಮೇಲೆ ಬರಿಗಾಲಲ್ಲಿ ನಡೆಯದಿರಲಿ. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಸುಟ್ಟದ್ದೇ ಗೊತ್ತಾಗುವುದಿಲ್ಲ. ಮಾತ್ರೆ, ಗ್ಲೂಕೋಸ್ ಬ್ಯಾಗಿನಲ್ಲಿದ್ದರೆ ಗೇಟಿನಲ್ಲೇ ಹೇಳಿ, ಏಕೆಂದರೆ ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ.

ಯಾವ ಕಾಯಿಲೆಯೂ ಇಲ್ಲದ ಉಳಿದವರೂ ಒಂದು ಬದಲಾವಣೆಗೆ ಸಿದ್ಧರಾಗಿರಬೇಕು. ದೊಡ್ಡ ರೋಲರ್ ಕೋಸ್ಟರಿಗಿಂತ, ನೋಡಲು ಸಾಧು ಅನ್ನಿಸುವ ಗಿರಗಿರನೆ ತಿರುಗುವ ರೈಡುಗಳೇ ಈ ವಯಸ್ಸಿಗೆ ಜಾಸ್ತಿ ಕಾಡುತ್ತವೆ. ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರೆವೃತ್ತದ ನಾಳಗಳಿವೆ. ರೈಡ್ ನಿಂತರೂ ಆ ದ್ರವ ಸ್ವಲ್ಪ ಹೊತ್ತು ಸುತ್ತುತ್ತಲೇ ಇರುತ್ತದೆ. ಕಣ್ಣು ನಿಂತಿದೆ ಅನ್ನುತ್ತದೆ, ಕಿವಿ ತಿರುಗುತ್ತಿದೆ ಅನ್ನುತ್ತದೆ, ಹೊಟ್ಟೆ ತೊಳಸುತ್ತದೆ. ವಯಸ್ಸಾದಂತೆ ಈ ವ್ಯವಸ್ಥೆ ಬೇಗ ಸರಿಹೋಗುವುದಿಲ್ಲ. ಪಂಚಮಿಯಲ್ಲಿ ತವರಿಗೆ ಹೋಗಿ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ ಜೀಕುವವರಿಗೆ ಇದರ ಅಂದಾಜು ಇದ್ದೇ ಇರುತ್ತದೆ. ಮೇಲಿಂದ ಇಳಿಯುವಾಗ ಹೊಟ್ಟೆಯಲ್ಲಿ ಜುಮ್ಮೆನ್ನುವುದು ಸುಖ, ಅದೇ ಹಗ್ಗ ಹುರಿಗೊಳಿಸಿ ಬಿಟ್ಟಾಗ ಗಿರ್ರನೆ ತಿರುಗುವುದು ಸಂಕಟ. ಡಿಸ್ಕ್ ತೊಂದರೆ ಇರುವವರನ್ನು ಬಿಟ್ಟು ಉಳಿದವರಿಗೆ ನಾನು ಹೇಳುವ ಪರೀಕ್ಷೆಯೂ ಇದೇ. ಹೊರಡುವ ಮೊದಲು ಊರಿನ ಮಕ್ಕಳ ಪಾರ್ಕಿನ ಜೋಕಾಲಿಯಲ್ಲಿ ಐದು ನಿಮಿಷ ಜೋರಾಗಿ ಜೀಕಿ. ಇಳಿದು ನೆಟ್ಟಗೆ ನಡೆದರೆ ಹಡಗಿನಂತೆ ತೂಗುವ ರೈಡು, ಕೋಸ್ಟರು ನಿಮಗೆ ಸರಿಹೋಗಬಹುದು. ತಲೆ ತಿರುಗಿ ಕೂತುಬಿಟ್ಟರೆ ತಿರುಗುವ ರೈಡುಗಳನ್ನು ಪಟ್ಟಿಯಿಂದ ತೆಗೆದುಬಿಡಿ. ತಿರುಗುವ ಎರಡು ರೈಡನ್ನು ಒಂದರ ಹಿಂದೆ ಒಂದು ಏರಲೇಬೇಡಿ. ವಾಂತಿ ತಡೆಯುವ ಮಾತ್ರೆ ನಿದ್ದೆ ತರುತ್ತದೆ, ಬಿಪಿ ಮಾತ್ರೆಯ ಜೊತೆ ವೈದ್ಯರನ್ನು ಕೇಳದೆ ಬೇಡ.

ಹೆದರುವ ಗೆಳತಿಗೆ ಇದನ್ನು ಓದಿ ಹೇಳಿ. ಕೋಸ್ಟರಿನ ಗಾಡಿಗೆ ಮೂರು ಬಗೆಯ ಚಕ್ರಗಳಿರುತ್ತವೆ. ಒಂದು ಹಳಿಯ ಮೇಲೆ ಓಡುತ್ತದೆ, ಒಂದು ಪಕ್ಕದಿಂದ ಒತ್ತಿ ಹಿಡಿಯುತ್ತದೆ, ಒಂದು ಹಳಿಯ ಕೆಳಗಿನಿಂದ ಹಿಡಿದುಕೊಳ್ಳುತ್ತದೆ. ಮೂರೂ ಕಡೆ ಹಿಡಿತ ಇರುವುದರಿಂದಲೇ ತಲೆಕೆಳಗಾದರೂ ಗಾಡಿ ಹಳಿ ಬಿಡುವುದಿಲ್ಲ. ತಲೆಕೆಳಗಾಗುವ ಆ ಉಂಗುರವನ್ನು ದೂರದಿಂದ ಗಮನಿಸಿ, ಅದು ಪೂರ್ತಿ ದುಂಡಗಿರುವುದಿಲ್ಲ. ಮೇಲೆ ಕಿರಿದು, ಕೆಳಗೆ ಅಗಲ. ದುಂಡು ಉಂಗುರದಲ್ಲಿ ಒಳನುಗ್ಗುವ ಕ್ಷಣದಲ್ಲೇ ಕತ್ತಿನ ಮೇಲೆ ವಿಪರೀತ ಭಾರ ಬೀಳುತ್ತಿತ್ತು. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಪಾರ್ಕಿನ ಕೋಸ್ಟರಿಗೆ ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗೆಲ್ ಈ ಹನಿಯಾಕಾರದ ಉಂಗುರ ಕೊಟ್ಟ ಮೇಲೆ ಲೋಕದೆಲ್ಲೆಡೆ ಇದೇ ಬಳಕೆಗೆ ಬಂತು. ಭುಜದ ಮೇಲಿನ ಕಂಬಿ ಇಳಿದಾಗ ಕಟಕ್ ಕಟಕ್ ಎಂದು ಹಲ್ಲು ಕೂರುವ ಸದ್ದು ಕೇಳುತ್ತದೆ. ಆಮೇಲೆ ಸಿಬ್ಬಂದಿ ಬಂದು ಒಬ್ಬೊಬ್ಬರ ಕಂಬಿಯನ್ನೂ ಕೈಯಿಂದ ಎಳೆದು ನೋಡುತ್ತಾರೆ. ಎಳೆಯದೆ ಮುಂದೆ ಹೋದರೆ ಕೂಗಿ ಕರೆಯಿರಿ, ಅದರಲ್ಲಿ ಸಂಕೋಚ ಬೇಡ. ಬೆನ್ನು, ತಲೆ ಎರಡನ್ನೂ ಸೀಟಿಗೆ ಒತ್ತಿ, ಕಣ್ಣು ಬಿಟ್ಟು ಮುಂದಿನ ಹಳಿ ನೋಡಿ. ತಿರುವು ಬರುವುದು ಮೊದಲೇ ಕಂಡರೆ ಕತ್ತು ತಾನಾಗಿ ಬಿಗಿಯಾಗುತ್ತದೆ, ಕಣ್ಣು ಮುಚ್ಚಿದವರಿಗೇ ಕತ್ತು ಉಳುಕುವುದು ಹೆಚ್ಚು. ಇಷ್ಟೆಲ್ಲ ಕೇಳಿದ ಮೇಲೂ ಬೇಡ ಅಂದರೆ ಬೇಡ. ಮೊದಲು ಸಣ್ಣ ರೈಡ್ ಏರಲಿ, ದೊಡ್ಡದನ್ನು ಒಂದು ಸುತ್ತು ಕೆಳಗೆ ನಿಂತು ನೋಡಲಿ, ಆಮೇಲೆ ಅವರ ಇಷ್ಟ. ಹೋದ ದಾರಿಯಲ್ಲೇ ಹಿಂದುಹಿಂದಕ್ಕೆ ಓಡಿಬರುವ ರೀಕಾಯಿಲ್ ಅನ್ನು ಮಾತ್ರ ಅವರಿಗೆ ಮೊದಲ ರೈಡಾಗಿ ತೋರಿಸಬೇಡಿ.

ಆದರೆ ಅವರು ಬ್ಯಾಗ್ ಹಿಡಿದು ಕೂರುತ್ತೇನೆ ಅಂದದ್ದಕ್ಕೆ ಒಪ್ಪಬೇಡಿ. ಇದನ್ನು ನಾನು ಬಹಳ ಗಟ್ಟಿಯಾಗಿ ಹೇಳುತ್ತಿದ್ದೇನೆ. ನಮ್ಮ ಹೆಣ್ಣುಮಕ್ಕಳ ಗುಂಪಿನಲ್ಲಿ ಮದುವೆಮನೆಯಲ್ಲಾಗಲಿ ಜಾತ್ರೆಯಲ್ಲಾಗಲಿ ಸಾಮಾನು ಕಾಯಲು ಒಬ್ಬಳು ತಾನಾಗಿ ಕೂತುಬಿಡುತ್ತಾಳೆ, ಉಳಿದವರು ಅವಳಿಗೆ ಅದೇ ಇಷ್ಟ ಅಂದುಕೊಳ್ಳುತ್ತಾರೆ. ಬೆಳಿಗ್ಗೆಯಿಂದ ಸಂಜೆವರೆಗೆ ಐದು ಬ್ಯಾಗ್, ಐದು ಮೊಬೈಲ್, ಐದು ಜೊತೆ ಚಪ್ಪಲಿ ನಡುವೆ ಕೂತವರಿಗೆ ಅದು ಪ್ರವಾಸ ಅನ್ನಿಸುವುದಿಲ್ಲ. ಒಳಗೆ ಹೋದ ತಕ್ಷಣ ಎರಡು ಲಾಕರ್ ತೆಗೆದುಕೊಳ್ಳಿ, ಎಲ್ಲರ ಕೈಯೂ ಬರಿದಾಗಲಿ. ದೊಡ್ಡ ರೈಡಿಗೆ ನಾಲ್ವರು ಹೋದರೆ ಉಳಿದ ಇಬ್ಬರು ಒಟ್ಟಿಗೆ ಬೇರೆ ಎಲ್ಲಿಗಾದರೂ ಹೋಗಲಿ. ಡಿಸ್ಕ್ ಇರುವವರು, ಹೆದರುವವರು ಇಬ್ಬರಿರುವುದು ನಿಮಗೆ ಅನುಕೂಲವೇ ಆಯಿತು. ಯಾವ ಜಾಗದಲ್ಲಿ, ಎಷ್ಟು ಗಂಟೆಗೆ ಮತ್ತೆ ಸೇರುವುದು ಅಂತ ಮೊದಲೇ ಮಾತಾಡಿಕೊಳ್ಳಿ, ಮೊಬೈಲ್ ಲಾಕರಿನಲ್ಲಿರುತ್ತದೆ. ಕೈಗಡಿಯಾರ ಇಬ್ಬರ ಹತ್ತಿರ ಇರಲಿ.

ಉಡುಪು, ಒಡವೆ. ನೀರಿಗೆ ಇಳಿಯಲು ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯೇ ಬೇಕು. ಹತ್ತಿ ಬಟ್ಟೆ ನೀರು ಹೀರಿ ಭಾರವಾಗುತ್ತದೆ, ಅದರ ನೂಲೆಳೆ ಶುದ್ಧೀಕರಣ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಮೈ ತೋರಬೇಕಲ್ಲ ಅನ್ನುವ ಚಿಂತೆ ನಿಮ್ಮಲ್ಲಿ ಯಾರಿಗಾದರೂ ಇದ್ದರೆ, ಪೂರ್ತಿ ತೋಳು, ಪೂರ್ತಿ ಕಾಲು ಮುಚ್ಚುವ ನೈಲಾನ್ ಡ್ರೆಸ್ ಈಗ ಎಲ್ಲೆಡೆ ಸಿಗುತ್ತದೆ, ಊರಲ್ಲೇ ಕೊಂಡು ಒಮ್ಮೆ ಹಾಕಿ ನೋಡಿ. ಬಂಗಾರ ಮನೆಯಲ್ಲೇ ಬಿಡಿ. ಉದ್ದನೆಯ ತಾಳಿ ಸರ ಜಾರುಬಂಡೆಯಲ್ಲೂ ಭುಜದ ಕಂಬಿಯಲ್ಲೂ ಸಿಕ್ಕಿಕೊಳ್ಳುತ್ತದೆ, ತೆಗೆಯಲು ಮನಸ್ಸಿಲ್ಲದವರು ಅಂದು ಕತ್ತಿಗೆ ಅಂಟಿ ಕೂರುವ ದಾರದಲ್ಲಿ ಹಾಕಿಕೊಂಡು ಬಟ್ಟೆಯ ಒಳಗೆ ಬಿಡಲಿ. ಗಾಜಿನ ಬಳೆ ಬೇಡವೇ ಬೇಡ, ಒಡೆದರೆ ನಿಮ್ಮ ಕೈಗೂ ಅಪಾಯ, ನೀರಿನಲ್ಲಿರುವ ಬೇರೆಯವರ ಕಾಲಿಗೂ ಅಪಾಯ. ಕಾಂಟ್ಯಾಕ್ಟ್ ಲೆನ್ಸ್ ಹಾಕಿ ನೀರಿಗಿಳಿಯಬೇಡಿ, ಕಣ್ಣಿನ ಸೋಂಕು ಕೆಟ್ಟದ್ದು.

ಆರು ಹೆಂಗಸರು ಅಂದ ಮೇಲೆ ಒಬ್ಬರಿಗಾದರೂ ಮುಟ್ಟಿನ ದಿನ ಬಂದೇ ಬರುತ್ತದೆ. ಹಬ್ಬ-ಮದುವೆಗೆ ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ಮುಟ್ಟು ಮುಂದೂಡುವ ಮಾತ್ರೆ ನುಂಗುವ ರೂಢಿ ನಮ್ಮಲ್ಲಿದೆ. ನಲವತ್ತರ ಮೇಲೆ, ಅದರಲ್ಲೂ ಬಿಪಿ ಇದ್ದರೆ ಅಥವಾ ಕಾಲಿನ ರಕ್ತನಾಳದಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿದ್ದರೆ, ವೈದ್ಯರಿಗೆ ತೋರಿಸದೆ ಅದನ್ನು ತೆಗೆದುಕೊಳ್ಳಬೇಡಿ. ಕಪ್ ಅಥವಾ ಟ್ಯಾಂಪನ್ ರೂಢಿ ಇರುವವರು ಧಾರಾಳವಾಗಿ ನೀರಿಗಿಳಿಯಬಹುದು. ಇಲ್ಲದವರಿಗೆ ನೀರಿಲ್ಲದ ರೈಡುಗಳೇ ಅರ್ಧ ದಿನ ಹಿಡಿಯುತ್ತವೆ.

ಬುಧವಾರ ಬೆಳಿಗ್ಗೆ ಎಂಟೂವರೆಯೊಳಗೆ ಬಿಡದಿ ತಟ್ಟೆ ಇಡ್ಲಿ ತಿಂದು ಮುಗಿಸಿ, ಎರಡು ಸಾಕು. ಪಾರ್ಕು ಸಾಮಾನ್ಯವಾಗಿ 11ಕ್ಕೆ ತೆರೆಯುತ್ತದೆ, ಹತ್ತೂವರೆಗೇ ಗೇಟಿನ ಮುಂದಿರಿ. ಒಳಗೆ ಹೋದ ಕೂಡಲೇ, ಹೊಟ್ಟೆ ಹಗುರ ಇರುವಾಗ, ಸಾಲು ಗಿಡ್ಡ ಇರುವಾಗ, ನಿಮಗೆ ಬಹಳ ಆಸೆ ಇರುವ ದೊಡ್ಡ ರೈಡುಗಳನ್ನು ಮುಗಿಸಿಕೊಳ್ಳಿ. ನೀರಾಟ ಶುರುವಾಗುವುದು ಸ್ವಲ್ಪ ತಡವಾಗಿ, ಜನ ಅತ್ತ ನುಗ್ಗುತ್ತಾರೆ, ನೀವು ಅವಸರ ಮಾಡಬೇಡಿ. ಊಟಕ್ಕೆ ಬಫೆ ತೆಗೆದುಕೊಂಡರೆ ಕೊಟ್ಟ ದುಡ್ಡಿಗೆ ನ್ಯಾಯ ಅಂತ ಜಾಸ್ತಿ ತಿನ್ನುತ್ತೇವೆ. ಮೊಸರನ್ನವೋ ಒಂದು ಪ್ಲೇಟ್ ಪಲಾವೋ ತಿಂದು, ಮುಕ್ಕಾಲು ಗಂಟೆ ನೆರಳಲ್ಲಿ ಕೂತು, ಆಮೇಲೆ ನೀರಿಗೆ ಹೋಗಿ. ಅಲೆಗಳ ಕೊಳದಲ್ಲಿ ಅಲೆ ಬಿಡುವುದಕ್ಕೆ ಸಮಯ ಇರುತ್ತದೆ, ಅದನ್ನು ಕೇಳಿಕೊಂಡು ಆರೂ ಜನ ಒಟ್ಟಿಗೆ ಕೈ ಹಿಡಿದು ನಿಲ್ಲಿ. ಎಲ್ಲರೂ ಒಟ್ಟಿಗೆ ಇರಲು ಆಗುವ ಜಾಗ ಅದು. ಕೊನೆಯ ಒಂದು ಗಂಟೆಗೆ ಬಟ್ಟೆ ಬದಲಿಸಿ ಮತ್ತೆ ಒಣ ರೈಡುಗಳ ಕಡೆ ಬಂದರೆ ಸಾಲು ಕರಗಿರುತ್ತದೆ. ಸಾಲು ತಪ್ಪಿಸುವ ಫಾಸ್ಟ್ ಟ್ರ್ಯಾಕ್ ಟಿಕೆಟ್ ಜುಲೈ ಬುಧವಾರಕ್ಕೆ ಬೇಕಿಲ್ಲ, ಆ ದುಡ್ಡನ್ನು ರೂಮಿಗೆ ಹಾಕಿ.

ದುಡ್ಡಿನ ವಿಷಯದಲ್ಲಿ, ಯಾರಿಗೆ ಕಷ್ಟ ಅನ್ನುವುದು ನಿಮಗೆ ಗೊತ್ತು. ಅವರ ಬಾಯಿಂದ ಅದನ್ನು ಹೇಳಿಸಬೇಡಿ. ಅವರ ಅಳತೆಗೆ ಎಲ್ಲರ ಖರ್ಚೂ ಕೂರುವಂತೆ ಮಾಡಿ, ಒಬ್ಬರೇ ಹೆಚ್ಚು ಕೊಟ್ಟು ಉಪಕಾರ ಮಾಡುವುದೂ ಬೇಡ. ಈಗಿನಿಂದಲೇ ಚೀಟಿಯಂತೆ ತಿಂಗಳು ತಿಂಗಳು ಒಂದೆಡೆ ಕೂಡಿಸಿ. ಒಟ್ಟು ತಲಾ ಆರು ಸಾವಿರಕ್ಕೆ ಬಂದರೆ ಆರು ತಿಂಗಳು ಸಾವಿರ ಸಾವಿರ. ಒಬ್ಬರ ಕೈಯಲ್ಲೇ ದುಡ್ಡಿರಲಿ, ಪಾರ್ಕಿನೊಳಗಿನ ಚಹಾ, ಐಸ್‌ಕ್ರೀಮ್, ಲಾಕರ್ ಎಲ್ಲವೂ ಅದರಿಂದಲೇ ಹೋಗಲಿ, ಆಗ ಯಾರೂ ಬೆಲೆ ನೋಡಿ ಬೇಡ ಅನ್ನುವುದಿಲ್ಲ. ಪ್ರವೇಶದ ಟಿಕೆಟ್ ಆನ್‌ಲೈನಿನಲ್ಲಿ, ವಾರದ ದಿನಕ್ಕೆ ತೆಗೆದರೆ ಅಗ್ಗ.

ಮಗಳನ್ನು ಕರೆತರುವ ಗೆಳತಿಗೆ ಈ ಸಲ ಬೇಡ ಅನ್ನಿ, ಪ್ರೀತಿಯಿಂದ ಅನ್ನಿ. ಮಗು ಬಂದರೆ ಆರೂ ಜನ ತಾಯಂದಿರಾಗಿಬಿಡುತ್ತೀರಿ, ಅವಳ ಎತ್ತರಕ್ಕೆ ಯಾವ ರೈಡ್ ಬಿಡುತ್ತಾರೆ ಅಂತ ನೋಡುವುದರಲ್ಲೇ ದಿನ ಕಳೆಯುತ್ತದೆ. ಮಕ್ಕಳನ್ನೆಲ್ಲ ಸೇರಿಸಿ ಇನ್ನೊಮ್ಮೆ ಹೋಗಬಹುದು. ಡಿಸ್ಕ್ ಇರುವವರಿಗೆ ಪಾರ್ಕೇ ಬೇಡ ಅಂತ ವೈದ್ಯರು ಹೇಳಿದರೆ ಆಗ ಮಾತ್ರ ಹೈದರಾಬಾದ್ ಕಡೆ ತಿರುಗಿ, 1996ರಲ್ಲಿ ಶುರುವಾದ ರಾಮೋಜಿ ಫಿಲ್ಮ್ ಸಿಟಿಯಲ್ಲಿ ಬಸ್ಸಿನಲ್ಲೇ ಕೂತು ಬಹುಪಾಲು ನೋಡಬಹುದು.

ಆದ್ದರಿಂದ ರೈಲಿನ ಟಿಕೆಟ್‌ಗಿಂತ ಮೊದಲು ವೈದ್ಯರ ಮಾತು ಆಗಲಿ. ರೈಲಿನ ಮುಂಗಡ ಬುಕಿಂಗ್ ತೆರೆಯುವುದು ಈಗ 60 ದಿನ ಮುಂಚೆ, ಮೊದಲಿನಂತೆ 120 ದಿನ ಅಲ್ಲ. ಜುಲೈ ನಡುವಿಗೆ ಹೋಗುವುದಾದರೆ ಮೇ ನಡುವಿಗೆ ಕೂತು ಟಿಕೆಟ್ ತೆಗೆಯಿರಿ. ಬಿಪಿ, ಡಿಸ್ಕ್ ಇರುವ ಇಬ್ಬರಿಗೂ ಕೆಳಗಿನ ಬರ್ತ್ ಕೇಳಿ ಹಾಕಿಸಿ.